ಒಂದು ಸಿಲಿಂಡರಿನ ಪಾಪ

ಹಳೆಯ ಕಾರನ್ನು ಶೆಡ್ಡಿನಲ್ಲಿ ಜೋಪಾನವಾಗಿ ನಿಲ್ಲಿಸಿಟ್ಟವರಿಗೆ ಹತ್ತು ಹದಿನೈದು ವರ್ಷಗಳ ಮೇಲೆ ಒಂದು ಆಶ್ಚರ್ಯ ಕಾದಿರುತ್ತದೆ. ಹೊಸ ಬ್ಯಾಟರಿ ತಂದು ಹಾಕಿದರೂ ಎಂಜಿನ್ನು ಒಂದು ಕೂದಲಿನಷ್ಟೂ ತಿರುಗುವುದಿಲ್ಲ. ನಾಲ್ಕು ಸಿಲಿಂಡರಿನ ಎಂಜಿನ್ನು ಎಲ್ಲಿ ನಿಂತರೂ ಯಾವುದಾದರೊಂದು ಸಿಲಿಂಡರಿನ ಕವಾಟ ತೆರೆದೇ ಉಳಿಯುತ್ತದೆ. ಆ ಬಾಗಿಲಿನಿಂದ ಮಳೆಗಾಲದ ತೇವ ಒಳಹೊಗುತ್ತದೆ. ಪಿಸ್ಟನ್ನು ಅಲ್ಯೂಮಿನಿಯಮ್ಮಿನದು, ಆದರೆ ಅದರ ಸುತ್ತಲಿನ ರಿಂಗುಗಳೂ ಸಿಲಿಂಡರಿನ ಗೋಡೆಯೂ ಎರಕದ ಕಬ್ಬಿಣದವು. ಕಬ್ಬಿಣಕ್ಕೆ ಕಬ್ಬಿಣ ತಾಗಿದ ಕಡೆ ತುಕ್ಕು ಬೆಳೆದು ಎರಡೂ ಒಂದಾಗಿಬಿಡುತ್ತವೆ. ಗ್ಯಾರೇಜಿನವರು ಇದನ್ನು 'ಸೀಜ್ ಆಗಿದೆ' ಎನ್ನುತ್ತಾರೆ. ನೀರು ಬತ್ತಿ, ಎಂಜಿನ್ನು ಮಿತಿಮೀರಿ ಕಾದು, ಪಿಸ್ಟನ್ನು ಹಿಗ್ಗಿ ಕಚ್ಚಿಕೊಳ್ಳುವುದೂ ಸೀಜೇ. ಅಲ್ಯೂಮಿನಿಯಮ್ಮು ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವುದು ಅದಕ್ಕೆ ಕಾರಣ. ನಾನು ಹೇಳಹೊರಟಿರುವುದು ತುಕ್ಕಿನ ಸೀಜಿನ ವಿಚಾರ.

ನನ್ನ ಪಾಲಿಗೆ ಬಂದದ್ದು ಅಂಬಾಸಿಡರ್ ಕಾರಿನ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತುಹೋಯಿತು. ಬಿಡಿಭಾಗಗಳು ಇನ್ನೂ ಅಲ್ಲಲ್ಲಿ ದೊರೆಯುತ್ತವೆಯಾದರೂ ಆ ಕಾರಿನೊಡನೆ ಹುಟ್ಟಿದ, ಅದರದೇ ಸಂಖ್ಯೆ ಹೊತ್ತ ಬ್ಲಾಕು ಇನ್ನೊಂದು ದೊರೆಯಲಾರದು. ಉಳಿಸಬೇಕಾದದ್ದು ಅದನ್ನು.

ಇಂಥ ಹೊತ್ತಿನಲ್ಲಿ ಉತ್ಸಾಹಿಗಳು ಕೊಡುವ ಮೊದಲ ಸಲಹೆ, ಗೇರಿನಲ್ಲಿಟ್ಟು ಜೀಪಿಗೆ ಕಟ್ಟಿ ಎಳೆಯಿರಿ ಎಂಬುದು. ಹಾಗೆ ಎಳೆದರೆ ಬಿಡಿಸಿಕೊಳ್ಳಲಾರದ ಪಿಸ್ಟನ್ನಿನ ರಿಂಗಿನ ಗಾಡಿಗಳು ಮುರಿಯುತ್ತವೆ, ಕನೆಕ್ಟಿಂಗ್ ರಾಡು ಬಾಗುತ್ತದೆ. ನಮ್ಮ ಮೇಸ್ತ್ರಿ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಸೀಮೆಎಣ್ಣೆ ಬೆರೆಸಿದ ಎಂಜಿನ್ ಆಯಿಲ್ ಹೊಯ್ದು ಎಂಟು ದಿನ ಅದರ ತಂಟೆಗೇ ಹೋಗಲಿಲ್ಲ. ಒಂಬತ್ತನೆಯ ದಿನ ಮುಂದಿನ ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಮೆಲ್ಲಗೆ ಅಲುಗಿಸಿದ. ಅಲುಗಲಿಲ್ಲ. ಹೆಡ್ಡು ಬಿಚ್ಚಿದಾಗ ಮೂರನೆಯ ಸಿಲಿಂಡರಿನ ಬಣ್ಣವೇ ಬೇರೆ, ಇಟ್ಟಿಗೆಯ ಕೆಂಪು. ಉಳಿದ ಮೂರು ಎಣ್ಣೆಯಲ್ಲಿ ಮಿನುಗುತ್ತಿದ್ದವು.

ಪಿಸ್ಟನ್ನನ್ನು ಮೇಲಿನಿಂದಲೇ ಹೊರತೆಗೆಯಬೇಕು. ರಿಂಗು ಏರುವ ಎತ್ತರದವರೆಗೆ ಮಾತ್ರ ಗೋಡೆ ಸವೆಯುವುದರಿಂದ ಅದರ ಮೇಲೆ ಒಂದು ಸಣ್ಣ ಅಂಚು ಉಳಿದಿರುತ್ತದೆ. ಅದನ್ನು ಹೆರೆದು ತೆಗೆಯದೆ ಪಿಸ್ಟನ್ನನ್ನು ನೂಕಿದರೆ ರಿಂಗು ಅಲ್ಲಿ ಸಿಕ್ಕಿ, ಉಳಿಯಬಹುದಾಗಿದ್ದ ಪಿಸ್ಟನ್ನೂ ಕೆಡುತ್ತದೆ. ಗಟ್ಟಿಮರದ ತುಂಡನ್ನು ಕೆಳಗಿನಿಂದ ಕೊಟ್ಟು ತಟ್ಟಿ ತಟ್ಟಿ, ಅರ್ಧ ದಿನದಲ್ಲಿ ಮೂರನೆಯದು ಹೊರಬಂದಿತು. ಅದರ ರಿಂಗುಗಳು ನಾಲ್ಕಾರು ಚೂರಾಗಿದ್ದವು. ಅವು ನಿಂತಿದ್ದ ಎತ್ತರದಲ್ಲಿ ಗೋಡೆಯ ಸುತ್ತ ಸಿಡುಬಿನ ಕಲೆಗಳಂಥ ಗುಳಿಗಳ ಪಟ್ಟಿ.

ರಿಂಗು ಮಾತ್ರ ಬದಲಿಸಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಗುಳಿಬಿದ್ದ ಗೋಡೆಯ ಮೇಲೆ ಹೊಸ ರಿಂಗು ಎಷ್ಟು ಚೆನ್ನಾಗಿದ್ದರೂ ಅನಿಲವನ್ನೂ ಎಣ್ಣೆಯನ್ನೂ ತಡೆಯಲಾರದು. ಹಿಂದಿನ ಕೊಳವೆಯಲ್ಲಿ ನೀಲಿ ಹೊಗೆ ತಪ್ಪುವುದಿಲ್ಲ. ಗೋಡೆಯನ್ನು ಕೊರೆದು ಅಗಲಿಸಿ, ದೊಡ್ಡ ಅಳತೆಯ ಪಿಸ್ಟನ್ನು ಹಾಕುವುದು ವಾಡಿಕೆಯ ದಾರಿ. ಈ ಎಂಜಿನ್ನಿಗೆ ಇಂಚಿನ ಸಾವಿರದ ಹತ್ತು, ಇಪ್ಪತ್ತು, ಮೂವತ್ತು, ನಲವತ್ತು ಭಾಗ ಹೆಚ್ಚಿನ ಪಿಸ್ಟನ್ನುಗಳಿವೆ. ಸಾವಿರದ ಒಂದು ಭಾಗಕ್ಕೆ ಗ್ಯಾರೇಜಿನಲ್ಲಿ 'ಥೌ' ಎಂದು ಹೆಸರು. ನಮ್ಮ ಪಿಸ್ಟನ್ನಿನ ನೆತ್ತಿಯನ್ನು ಒರೆಸಿದಾಗ ಇಪ್ಪತ್ತೆಂಬ ಗುರುತು ಕಂಡಿತು. ಯಾರೋ ಹಿಂದೊಮ್ಮೆ ಬೋರ್ ಹಾಕಿಸಿದ್ದರು.

ಲೆಕ್ಕ ಇಲ್ಲಿಂದ ಬಿಗಿಯಾಯಿತು. ಬೋರಿಂಗ್ ಮಾಡುವವರ ಅಂದಾಜಿನಲ್ಲಿ ಗುಳಿಗಳ ಆಳ ಎಂಟು ಥೌ. ಗೋಡೆ ಎರಡು ಪಕ್ಕದಲ್ಲಿಯೂ ಹೋಗಬೇಕಾದ್ದರಿಂದ ವ್ಯಾಸದಲ್ಲಿ ಹದಿನಾರು. ಇಪ್ಪತ್ತಕ್ಕೆ ಹದಿನಾರು ಸೇರಿದರೆ ಮೂವತ್ತಾರು. ಅಂದರೆ ಕೊನೆಯ ಅಳತೆಯಾದ ನಲವತ್ತಕ್ಕೇ ಹೋಗಬೇಕು. ಹಾಗೆ ಹೋದರೆ ನಾಲ್ಕೂ ಸಿಲಿಂಡರು ಸಮವಾಗಿರಲೆಂದು ನಾಲ್ಕನ್ನೂ ಕೊರೆಯಬೇಕು. ಬೋರಿಂಗಿನವರು ಅದಕ್ಕೆ ಸಿದ್ಧರಾಗಿಯೇ ಇದ್ದರು.

ಮೇಸ್ತ್ರಿ ಒಪ್ಪಲಿಲ್ಲ. ಮೂರು ಸಿಲಿಂಡರುಗಳ ಮೇಲೆ, ನಡುವೆ, ಕೆಳಗೆ ಗೇಜು ಹಿಡಿದು, ಉದ್ದಕ್ಕೂ ಅಡ್ಡಕ್ಕೂ ಅಳೆದ. ರಾಡು ಓರೆಯಾಗಿ ನೂಕುವುದರಿಂದ ಸಿಲಿಂಡರು ಒಂದು ದಿಕ್ಕಿಗೆ ಹೆಚ್ಚು ಸವೆದು ಮೊಟ್ಟೆಯಾಕಾರ ತಾಳುತ್ತದೆ. ಒಂದೇ ಕಡೆ ಅಳೆದರೆ ಅದು ಕಾಣದು. ಸವೆತ ಮಿತಿಯೊಳಗಿತ್ತು.

"ಒಂದರ ಪಾಪಕ್ಕೆ ಮೂರನ್ನು ಯಾಕೆ ಕೊರೆಯೋದು ಸಾರ್? ಮೂರನೇದಕ್ಕೆ ಸ್ಲೀವ್ ಹಾಕಿಸಿ."

ಸ್ಲೀವೆಂದರೆ ಎರಕದ ಕಬ್ಬಿಣದ ತೆಳು ಕೊಳವೆ. ಅದನ್ನು ಕೂರಿಸಲು ಮೂರನೆಯದನ್ನು ಮತ್ತೂ ಹೆಚ್ಚು ಕೊರೆಯಬೇಕಾಯಿತು, ನಿಜ. ಆದರೆ ಸ್ಲೀವು ಸವೆದರೆ ತೆಗೆದು ಬೇರೆ ಹಾಕಬಹುದು. ಕೊಳವೆಯನ್ನು ಒತ್ತಿ ಕೂರಿಸಿ, ಒಳಗನ್ನು ಇಪ್ಪತ್ತರ ಅಳತೆಗೇ ಕೊರೆಸಿದೆವು. ಉಳಿದ ಮೂರಕ್ಕೆ ಹಾನಿಂಗ್ ಮಾತ್ರ. ನುಣುಪಾಗಿ ಹೊಳೆಯುವ ಗೋಡೆಯ ಮೇಲೆ ಹೊಸ ರಿಂಗು ಕೂರುವುದಿಲ್ಲ; ಎಣ್ಣೆ ಹಿಡಿದಿಡಲು ಅದಕ್ಕೆ ಅಡ್ಡಡ್ಡ ಹಾಯ್ದ ಸಣ್ಣ ಗೀರುಗಳು ಬೇಕು. ಪಿಸ್ಟನ್ನುಗಳನ್ನು ಮಾತ್ರ ನಾಲ್ಕನ್ನೂ ಹೊಸದಾಗಿ ತಂದೆವು. ಹಳೆಯವುಗಳ ಗಾಡಿಗಳಲ್ಲಿ ಹೊಸ ರಿಂಗು ಸಡಿಲವಾಗಿ ಆಡುತ್ತಿತ್ತು. ಅಲ್ಲದೆ ನಾಲ್ಕರ ತೂಕವೂ ಒಂದೇ ಆಗಿರಬೇಕು.

ರಿಂಗಿನ ಬಗ್ಗೆ ಇನ್ನೊಂದು ಮಾತು. ಒಂದು ಕಡೆ ಸೀಳಿದ, ತನ್ನ ಬಿಗಿಯಿಂದಲೇ ಗೋಡೆಗೆ ಒತ್ತಿ ನಿಲ್ಲುವ ಈ ಬಳೆಯನ್ನು 1850ರ ದಶಕದಲ್ಲಿ ಜಾನ್ ರಾಮ್ಸ್‌ಬಾಟಮ್ ಎಂಬ ಇಂಗ್ಲಿಷ್ ರೈಲ್ವೆ ಎಂಜಿನಿಯರು ಉಗಿ ಎಂಜಿನ್ನಿಗಾಗಿ ರೂಪಿಸಿದ. ಸೀಳಿನ ಅಂತರದಲ್ಲಿಯೇ ಅದರ ಜೀವವಿದೆ. ಬರಿಯ ರಿಂಗನ್ನು ಸಿಲಿಂಡರಿಗಿಳಿಸಿ, ಪಿಸ್ಟನ್ನಿನ ನೆತ್ತಿಯಿಂದ ಸಮವಾಗಿ ಕೆಳದೂಡಿ, ಫೀಲರ್ ಗೇಜಿನಿಂದ ಸೀಳನ್ನು ಅಳೆಯಬೇಕು. ಸುಮಾರು ಮೂರಿಂಚಿನ ಈ ಸಿಲಿಂಡರಿಗೆ ಹತ್ತು ಥೌ ಆಸುಪಾಸು ಇರಬೇಕು. ಕಡಮೆಯಾದರೆ ಕಾವಿಗೆ ಹಿಗ್ಗಿ ತುದಿಗೆ ತುದಿ ತಾಗಿ ರಿಂಗು ಮುರಿದು ಹೊಸ ಗೋಡೆಯನ್ನೇ ಗೀರುತ್ತದೆ. ಡಬ್ಬಿಯ ಮೇಲಿನ ಅಳತೆಯನ್ನು ನಂಬಿ ಹಾಗೆಯೇ ತೊಡಿಸುವವರೇ ಹೆಚ್ಚು. ಮೇಸ್ತ್ರಿ ಹದಿನಾರು ರಿಂಗುಗಳನ್ನೂ ಒಂದೊಂದಾಗಿ ಅಳೆದು, ಐದನ್ನು ಅರದಿಂದ ಉಜ್ಜಿದ. ಸೀಳುಗಳು ಒಂದರ ಕೆಳಗೊಂದು ಬರದಂತೆ ತಿರುಗಿಸಿ, ಎಣ್ಣೆ ಸವರಿ ಇಳಿಸಿದ.

ಎಂಜಿನ್ನು ಹತ್ತಿತು. ಮೊದಲ ಐನೂರು ಮೈಲಿ ವೇಗ ಬೇಡವೆಂದು ಅಪ್ಪಣೆಯಾಯಿತು. ಹೋಗುವ ಮುನ್ನ ಮೇಸ್ತ್ರಿ ಒಂದು ತಗಡಿನ ಚೂರಿನ ಮೇಲೆ ಮೊಳೆಯಿಂದ ಏನನ್ನೋ ಕೊರೆದು ಬಾನೆಟ್ಟಿನ ಒಳಗೆ ತಂತಿಯಿಂದ ಕಟ್ಟಿದ. ನೋಡಿದೆ. 'ನಾಲ್ಕೂ ಇಪ್ಪತ್ತು. ಮೂರನೇದು ಸ್ಲೀವ್' ಎಂದಿತ್ತು.