ಹಳ್ಳಿಯನ್ನು ಹಲ್ಲಿ ಮಾಡುವ ಯಂತ್ರಕ್ಕೆ ಪಾಠ ಹೇಳುವವರು ಯಾರು?

(ಬೆಂಗಳೂರಿನಲ್ಲಿ ಕೆಲಸಕ್ಕಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಯುವಕ ಯುವತಿಯರ ಸಭೆಯಲ್ಲಿ ಕೊಟ್ಟೂರು ಕಡೆಯ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಬಂದು ಕೂತವನು. ಲಗ್ನಪತ್ರಿಕೆ, ಬಿಲ್ ಬುಕ್ಕು, ಕೊಟ್ಟೂರೇಶ್ವರನ ತೇರಿನ ಹ್ಯಾಂಡ್‌ಬಿಲ್ಲು, ಚುನಾವಣೆ ಬಂದರೆ ಕರಪತ್ರ, ಇದಿಷ್ಟೇ ನನ್ನ ವಿದ್ಯೆ. ನಿಮ್ಮಲ್ಲಿ ಎಷ್ಟೋ ಜನ ದೊಡ್ಡ ದೊಡ್ಡ ಕಂಪ್ಯೂಟರ್ ಕಂಪನಿಗಳಲ್ಲಿ ಕೆಲಸ ಮಾಡುತ್ತೀರಿ. ನಿಮಗೆ ನಾನು ಕಂಪ್ಯೂಟರಿನ ಬಗ್ಗೆ ಹೇಳುವುದೆಂದರೆ ಮೈಲಾರದ ಗೊರವಯ್ಯನಿಗೆ ಡಮರುಗ ಬಾರಿಸುವುದನ್ನು ಕಲಿಸಿದ ಹಾಗೆ. ಆದರೂ ಒಂದು ಪ್ರಶ್ನೆ ಕೇಳಿಯೇ ತೀರಬೇಕೆಂದು ಬಂದಿದ್ದೇನೆ. ಈ ಕಂಪನಿಗಳು ಹೊಸದನ್ನು ಮಾಡುವಾಗ ಕಲಿಯುವುದು ಬಳಸುವವರಿಂದ. ಇದು ಎಲ್ಲರಿಗೂ ಗೊತ್ತಿರುವ ಮಾತು. ಹಾಗಾದರೆ ಕನ್ನಡವನ್ನು ಅವು ಯಾರಿಂದ ಕಲಿಯುತ್ತಿವೆ?

ನಮ್ಮ ಊರಿನ ಹೆಸರುಗಳನ್ನೇ ತೆಗೆದುಕೊಳ್ಳಿ. 2021ರ ಜನವರಿಯಲ್ಲಿ ಗೂಗಲ್ ತನ್ನ ನಕ್ಷೆಯಲ್ಲಿನ ಹೆಸರುಗಳನ್ನು ಕನ್ನಡವೂ ಸೇರಿ ಭಾರತದ 10 ಭಾಷೆಗಳ ಲಿಪಿಗೆ ಯಂತ್ರದಿಂದಲೇ ತಿರುಗಿಸುವ ಏರ್ಪಾಡು ಮಾಡಿತು. ಸಂತೋಷ. ಆದರೆ ಇಂಥ ಯಾವ ಯಂತ್ರಕ್ಕೇ ಆಗಲಿ, ಮೊದಲು ಕಣ್ಣಿಗೆ ಬೀಳುವುದು ಇಂಗ್ಲಿಷ್ ಹೆಸರು. ಇಂಗ್ಲಿಷಿನಲ್ಲಿ 'ಎಲ್' ಒಂದೇ. ನಮ್ಮಲ್ಲಿ ಲ ಬೇರೆ, ಳ ಬೇರೆ. ಅವರಲ್ಲಿ 'ಡಿ' ಒಂದೇ, ನಮ್ಮಲ್ಲಿ ದ ಬೇರೆ, ಡ ಬೇರೆ. 'ಟಿ' ನೋಡಿದರೆ ಅದು ತ ಇರಬಹುದು, ಟ ಇರಬಹುದು. ಹೇಳಿಕೊಡುವವರಿಲ್ಲದ ಯಂತ್ರ ಏನು ಮಾಡುತ್ತದೆ? ಹರಪನಹಳ್ಳಿ ಹೋಗಿ ಹರಪನಹಲ್ಲಿ! ಹಗರಿಬೊಮ್ಮನಹಳ್ಳಿ ಹೋಗಿ ಹಗರಿಬೊಮ್ಮನಹಲ್ಲಿ! ಪುಣ್ಯಕ್ಕೆ ಕೂಡ್ಲಿಗಿಯಲ್ಲಿ ಳ ಇಲ್ಲ. ಇಂಥ ಹಲ್ಲಿಗಳನ್ನು ನೀವು ಬೋರ್ಡಿನ ಮೇಲೆ, ಪಾರ್ಸಲ್ಲಿನ ಚೀಟಿಯ ಮೇಲೆ, ಫೋನಿನಲ್ಲಿ ಬೇಕಾದಷ್ಟು ನೋಡಿದ್ದೀರಿ. ನೋಡಿ ನಕ್ಕು ಸುಮ್ಮನಾಗಿದ್ದೀರಿ. ನನ್ನ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆಯಲ್ಲಿ ಬೀಗರ ಊರು ಹೀಗೆ ಅಚ್ಚಾದರೆ ಆ ಕಾರ್ಡುಗಳ ಕಟ್ಟು ವಾಪಸ್ಸು ನನ್ನ ಮುಖಕ್ಕೇ ಬರುತ್ತದೆ. ಕೋಟಿಗಟ್ಟಲೆ ದುಡಿಯುವ ಕಂಪನಿಗೆ ಯಾಕೆ ಬರುವುದಿಲ್ಲ?

ಬಳಸುವವನ ಮಾತು ಕೇಳಿ ತಂತ್ರ ಬದಲಾಗುವುದು ನಮ್ಮ ಸೀಮೆಗೆ ಹೊಸದೇನಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ. ಅದು ಕಲ್ಲಚ್ಚಿನಲ್ಲಿ ಬರುತ್ತಿತ್ತು. ಓದುಗರು ಮಂಗಳೂರಿನ ಆಚೆಗೂ ಹಬ್ಬಿದರು. 1844ರಲ್ಲಿ ಪತ್ರಿಕೆ ಎಲ್ಲಿಗೆ ಬಂತು? ನಮ್ಮ ಬಳ್ಳಾರಿಗೆ! ಅಲ್ಲಿ ಮೊಳೆಯಚ್ಚಿನಲ್ಲಿ ಮುದ್ರಣವಾಯಿತು, ಹೆಸರು 'ಕಂನಡ ಸಮಾಚಾರ' ಎಂದಾಯಿತು. ಓದುವವರು ಊರಿನ ಗಡಿ ದಾಟಿದ್ದರಿಂದ ಪತ್ರಿಕೆಯ ಹೆಸರೂ ದಾಟಿತು, ಅಚ್ಚಿನ ತಂತ್ರವೂ ದಾಟಿತು.

ಅಮೆರಿಕದ ಎಂಐಟಿಯಲ್ಲಿ ಎರಿಕ್ ವಾನ್ ಹಿಪ್ಪೆಲ್ ಎಂಬ ಪ್ರೊಫೆಸರರು 1986ರಲ್ಲಿ ಒಂದು ಮಾತು ಬರೆದರು. ಮುಂದೆ ಎಲ್ಲರಿಗೂ ಬರುವ ತೊಂದರೆ ಕೆಲವು ಬಳಕೆದಾರರಿಗೆ ಮೊದಲೇ ಬಂದಿರುತ್ತದೆ, ಅದಕ್ಕೆ ಮದ್ದನ್ನೂ ಅವರೇ ಹುಡುಕಲು ಹೊರಟಿರುತ್ತಾರೆ, ಕಂಪನಿಗಳು ಹೊಸ ಸರಕು ಮಾಡಬೇಕಾದರೆ ಅಂಥವರನ್ನು ಹುಡುಕಿಕೊಂಡು ಹೋಗಬೇಕು ಎಂದು. 'ಲೀಡ್ ಯೂಸರ್' ಎಂದು ಅವರಿಗೆ ಹೆಸರಿಟ್ಟರು. ನಾನು ಅದನ್ನು 'ಮುಂಚೂಣಿ ಬಳಕೆದಾರ' ಅನ್ನುತ್ತೇನೆ. ನಮ್ಮಲ್ಲಿ ಅಂಥವರು ಯಾರು ಅಂದರೆ ಕೆ. ಪಿ. ರಾವ್. ದಕ್ಷಿಣ ಕನ್ನಡದ ಕಿನ್ನಿಕಂಬಳದವರು, ಅಕ್ಷರ ಜೋಡಣೆಯ ಕೆಲಸದಲ್ಲಿ ಪಳಗಿದವರು. ಇಂಗ್ಲಿಷ್ ಕೀಲಿಮಣೆಯನ್ನೇ ಇಟ್ಟುಕೊಂಡು ಕನ್ನಡಕ್ಕೆ ಒಂದು ಜೋಡಣೆ ಕಂಡುಹಿಡಿದರು. 'ಕನ್ನಡ' ಎಂದು ಬರೆಯಲು ಎಷ್ಟು ಕೀಲಿ? ಕೆ, ಎನ್, ಎಫ್, ಎನ್, ಡಬ್ಲ್ಯು. ಐದೇ ಐದು! ಎಫ್ ಒತ್ತಿದರೆ ಒತ್ತು ಕೂಡುತ್ತದೆ, ಮಹಾಪ್ರಾಣಕ್ಕೆ ಶಿಫ್ಟ್. ನಮ್ಮ ವ್ಯಾಕರಣವೇ ಬೆರಳಿಗೆ ಬಂದ ಹಾಗೆ. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು 'ಸೇಡಿಯಾಪು' ಎಂಬ ತಂತ್ರಾಂಶ ಮಾಡಿ ಜನಕ್ಕೆ ಪುಕ್ಕಟೆ ಕೊಟ್ಟರು. ಮುಂದೆ ಕರ್ನಾಟಕ ಸರ್ಕಾರ ಒಪ್ಪಿಕೊಂಡ ಕೀಲಿಮಣೆ ಈ ಜೋಡಣೆಯ ತಳಹದಿಯ ಮೇಲೇ ನಿಂತದ್ದು. ಗಣಕ ಪರಿಷತ್ತಿನ 'ನುಡಿ'ಯಲ್ಲಿ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರು ಇವತ್ತಿಗೂ ಕುಟ್ಟುವುದು ಅದನ್ನೇ. ಹಾಗೆಯೇ 1998ರಲ್ಲಿ ಶೇಷಾದ್ರಿವಾಸು ಅವರು ಅಮೆರಿಕದಲ್ಲಿ ಕೂತು 'ಬರಹ' ಹೊರತಂದರು, ಅದೂ ಆಗ ಪುಕ್ಕಟೆ. ದೊಡ್ಡ ಕಂಪನಿಗಳು ಕನ್ನಡಕ್ಕೆ ಲೆಕ್ಕ ಹಾಕುತ್ತಾ ಕೂತಿದ್ದ ಕಾಲದಲ್ಲಿ ಕನ್ನಡ ಬೇಕಾಗಿದ್ದವರೇ ಕನ್ನಡ ಮಾಡಿಕೊಂಡರು.

ನಮ್ಮಂಥ ಪ್ರೆಸ್ಸಿನವರ ಕಥೆಯನ್ನೂ ಕೇಳಿ. ನಾನು ಹುಡುಗನಾಗಿದ್ದಾಗ ನಮ್ಮಲ್ಲಿ ಟ್ರೆಡಲ್ ಮಷಿನ್ನು. ಒತ್ತಕ್ಷರದ ಮೊಳೆ ಹುಡುಕುವುದೇ ಕಂಪೋಸಿಟರನ ಅರ್ಧ ಆಯುಷ್ಯ. ಆಮೇಲೆ ಡಿಟಿಪಿ ಬಂತು. ಸಾಲ ಮಾಡಿ ಕನ್ನಡ ತಂತ್ರಾಂಶ ಕೊಂಡೆ. ಕಂಪ್ಯೂಟರಿನ ಹಿಂದೆ ಒಂದು 'ಲಾಕ್' ಸಿಕ್ಕಿಸಬೇಕು, ಅದು ಕೆಟ್ಟರೆ ಅಂಗಡಿ ಬಂದ್. ಯಾವ ಕಂಪನಿ ಅನ್ನುವುದು ಬೇಡ. ಅದರ ಅಕ್ಷರದಲ್ಲಿ ಒಂದೆರಡು ಒತ್ತು ಮೇಲಿನ ಅಕ್ಷರಕ್ಕೆ ಡಿಕ್ಕಿ ಹೊಡೆಯುತ್ತಿತ್ತು, ಸಣ್ಣ ಸೈಜಿನಲ್ಲಿ ವಟ್ರಸುಳಿ ಕಾಣುತ್ತಲೇ ಇರಲಿಲ್ಲ. ಪ್ರೂಫಿನ ಮೇಲೆ ಕೆಂಪು ಪೆನ್ನಿನಲ್ಲಿ ಸುತ್ತುಹಾಕಿ ಹಾಕಿ ಅವರ ಏಜೆಂಟನ ಕೈಗೆ ಕೊಟ್ಟೆ. ಅವನು ಒಳ್ಳೆಯ ಹುಡುಗ, ಎಲ್ಲ ಬರೆದುಕೊಂಡು ಹೋದ. ಒಂದು ವರ್ಷ ಬಿಟ್ಟು ಹೊಸ ಆವೃತ್ತಿ ಬಂತು. ನಾನು ಸುತ್ತುಹಾಕಿದ್ದೆಲ್ಲ ಸರಿಯಾಗಿತ್ತು! 'ತಗೊಳ್ರಿ ಯಜಮಾನ್ರೇ, ಎಲ್ಲಾ ಸುಧಾರಿಸ್ಯಾರ' ಅಂದ. ರೇಟು ಕೇಳಿದರೆ ಹೊಸ ಆವೃತ್ತಿಗೆ ಮತ್ತೆ ದುಡ್ಡು. ಪಾಠ ಹೇಳಿದ್ದು ನಾನು, ಫೀಜು ಕಟ್ಟಿದ್ದೂ ನಾನೇ!

ಇದು ಒಬ್ಬ ಪ್ರೆಸ್ಸಿನವನ ಗೋಳಲ್ಲ. ಒಂದೊಂದು ಕಂಪನಿ ತನ್ನ ಫಾಂಟನ್ನು ತನ್ನದೇ ಸಂಕೇತದಲ್ಲಿ ಮಾಡಿದ್ದರಿಂದ ಒಬ್ಬರಲ್ಲಿ ಟೈಪು ಮಾಡಿದ್ದು ಇನ್ನೊಬ್ಬರಲ್ಲಿ ತೆರೆದರೆ ಬರೀ ಚಿತ್ರವಿಚಿತ್ರ ಚಿಹ್ನೆ. ಹಡಗಲಿಯಲ್ಲಿ ಜೋಡಿಸಿದ ಪುಸ್ತಕ ಹುಬ್ಬಳ್ಳಿಯಲ್ಲಿ ತೆರೆಯುವುದಿಲ್ಲ ಅಂದರೆ ನಾವು ಒಂದೇ ಭಾಷೆಯವರೋ, ಬೇರೆ ಬೇರೆ ದೇಶದವರೋ? ಇದಕ್ಕೆ ಮದ್ದಾಗಿ ಬಂದದ್ದು ಯೂನಿಕೋಡ್. ಮೈಕ್ರೋಸಾಫ್ಟ್ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಎಂಬ ಕನ್ನಡ ಅಕ್ಷರ ಕೊಟ್ಟಿತು. ಆದರೆ ನಮ್ಮ ಪುಟ ಕಟ್ಟುವ ತಂತ್ರಾಂಶಗಳು ಅದನ್ನು ಅರಗಿಸಿಕೊಳ್ಳಲಿಲ್ಲ. ಅಡೋಬಿಯ ಇನ್‌ಡಿಸೈನ್ ಕನ್ನಡದ ಯೂನಿಕೋಡನ್ನು ನೇರವಾಗಿ ಒಪ್ಪಿಕೊಂಡದ್ದು 2012ರಲ್ಲಿ. ಅಷ್ಟರಲ್ಲಿ ನಮ್ಮ ಕಡೆಯ ಪ್ರೆಸ್ಸುಗಳು ಹಳೆಯ ಫಾಂಟಿನಲ್ಲೇ ಬೇರು ಬಿಟ್ಟಿದ್ದವು. ಈಗಲೂ ಎಷ್ಟೋ ಕಡೆ ಹಾಗೇ ಇವೆ.

ಕೇಳದೆ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ಅದೇ ಯೂನಿಕೋಡಿನಲ್ಲಿ ಒಂದು ಸಾಕ್ಷಿ ಇದೆ. ಹಳಗನ್ನಡದ ೞ ಅಕ್ಷರ ನಿಮಗೆ ಗೊತ್ತು, ಶಾಸನಗಳಲ್ಲಿದೆ. ಅದಕ್ಕೆ ಯೂನಿಕೋಡಿನವರು ಇಟ್ಟ ಅಧಿಕೃತ ಹೆಸರು ಏನು ಗೊತ್ತೇ? 'ಕನ್ನಡ ಅಕ್ಷರ ಫ'! ಇಂಗ್ಲಿಷಿನ ಎಫ್ ಇದೆಯಲ್ಲ, ಆ ಫ! ಪಂಪನ ಕಾಲದ ಅಕ್ಷರಕ್ಕೆ ಫ್ಯಾನು ಫೋನಿನ ಫ ಕಾರ! ಒಮ್ಮೆ ಇಟ್ಟ ಹೆಸರು ತೆಗೆಯುವಂತಿಲ್ಲ ಎಂಬುದು ಅವರ ನಿಯಮ. ಹೀಗಾಗಿ ಸರಿಯಾದ ಹೆಸರನ್ನು ತಿದ್ದುಪಡಿ ಅಂತ ಪಕ್ಕದಲ್ಲಿ ಬರೆದುಕೊಂಡಿದ್ದಾರೆ, ತಪ್ಪು ಹೆಸರು ಇವತ್ತಿಗೂ ಪಟ್ಟಿಯಲ್ಲಿದೆ. ಮೊದಲೇ ಒಬ್ಬ ಕನ್ನಡ ಮೇಷ್ಟ್ರನ್ನು ಕೇಳಿದ್ದರೆ ಒಂದು ಕಪ್ ಚಹಾದಲ್ಲಿ ಮುಗಿಯುತ್ತಿದ್ದ ಕೆಲಸ.

ಈಗ ನಿಮ್ಮ ಕಡೆಗೆ ಬರುತ್ತೇನೆ. ಕಂಪನಿ ನಮ್ಮಿಂದ ಎರಡು ರೀತಿಯಲ್ಲಿ ಕಲಿಯುತ್ತದೆ. ನಾವು ಬಾಯಿ ಬಿಟ್ಟು ಹೇಳಿದ್ದರಿಂದ ಒಂದು. ನಮಗೆ ಗೊತ್ತಿಲ್ಲದೆಯೇ ನಮ್ಮ ಬೆರಳು ಹೇಳಿದ್ದರಿಂದ ಇನ್ನೊಂದು. ಫೋನಿನಲ್ಲಿ ಕನ್ನಡದ ಆಯ್ಕೆ ಇದ್ದರೂ ನೀವು ಇಂಗ್ಲಿಷ್ ಒತ್ತುತ್ತೀರಿ. ಹಣದ ಯಂತ್ರದ ಮುಂದೆ ನಿಂತು ಕನ್ನಡ ಬಿಡುತ್ತೀರಿ, 'ಕನ್ನಡದಲ್ಲಿ ಅದು ಕಷ್ಟ ಅಣ್ಣಾ' ಅನ್ನುತ್ತೀರಿ. ಕಷ್ಟ ಯಾಕೆ? ಅನುವಾದ ಕೆಟ್ಟದಾಗಿದೆ. ಅನುವಾದ ಯಾಕೆ ಕೆಟ್ಟದಾಗಿದೆ? ಬಳಸಿ ಬೈಯುವವರಿಲ್ಲ. ನೀವು ಇಂಗ್ಲಿಷ್ ಒತ್ತಿದ ಪ್ರತಿ ಸಲವೂ ಅಲ್ಲೆಲ್ಲೋ ಕೂತ ಲೆಕ್ಕಿಗನ ಪುಸ್ತಕದಲ್ಲಿ ಒಂದು ಗೀಟು ಬೀಳುತ್ತದೆ: ಇವರಿಗೆ ಕನ್ನಡ ಬೇಡ! ನಾವು ರಸ್ತೆಯಲ್ಲಿ ಕನ್ನಡಕ್ಕೆ ಜೈ ಅಂದದ್ದು ಆ ಪುಸ್ತಕಕ್ಕೆ ಹೋಗುವುದಿಲ್ಲ, ಬೆರಳು ಒತ್ತಿದ್ದು ಮಾತ್ರ ಹೋಗುತ್ತದೆ.

ಬಾಯಿ ಬಿಟ್ಟರೆ ಏನಾಗುತ್ತದೆ ಎಂದೂ ನೋಡಿದ್ದೇವೆ. 2021ರ ಜೂನ್ ತಿಂಗಳಲ್ಲಿ ಭಾರತದ ಅತಿ ಕುರೂಪ ಭಾಷೆ ಯಾವುದು ಎಂದು ಹುಡುಕಿದರೆ ಗೂಗಲ್ ಕನ್ನಡದ ಹೆಸರು ತೋರಿಸಿತು. ಇಡೀ ನಾಡು ಸಿಡಿದೆದ್ದಿತು. ಉತ್ತರ ಮಾಯವಾಯಿತು, ಕಂಪನಿ ಕ್ಷಮೆ ಕೇಳಿತು. ಒಳ್ಳೆಯದೇ ಆಯಿತು. ಆದರೆ ನನಗೊಂದು ಸಂಕಟ. ಅವಮಾನ ಮಾಡಿದಾಗ ಎದ್ದ ಸಾವಿರಾರು ಜನರಲ್ಲಿ ನೂರು ಜನ ಹಲ್ಲಿಯನ್ನು ಹಳ್ಳಿ ಮಾಡಲು ಕೂತಿದ್ದರೆ? ಸಿಟ್ಟಿಗೆ ಒಂದು ದಿನ ಸಾಕು, ತಿದ್ದುವುದಕ್ಕೆ ವರ್ಷ ಬೇಕು. ನಮ್ಮಲ್ಲಿ ಮೊದಲನೆಯದಕ್ಕೆ ಜನ ಜಾಸ್ತಿ.

ಮುಂದೆ ಬರುವುದು ಮಾತಿನ ಯಂತ್ರ. ಇಲ್ಲಿ ಇನ್ನೂ ದೊಡ್ಡ ಅಪಾಯ ಕಾದಿದೆ. ಕೊಟ್ಟೂರಿನ ರೈತ 'ಉಳ್ಳಾಗಡ್ಡಿ ರೇಟು ಏನೈತಿ?' ಅಂತ ಕೇಳುತ್ತಾನೆ. ಕೂಡ್ಲಿಗಿಯವನು 'ಶೇಂಗಾ' ಅನ್ನುತ್ತಾನೆ. ಯಂತ್ರ ಕಲಿತದ್ದು ಬರೀ ಬೆಂಗಳೂರು, ಮೈಸೂರಿನ 'ಈರುಳ್ಳಿ', 'ಕಡಲೆಕಾಯಿ' ಆದರೆ ನಮ್ಮ ರೈತ ತನ್ನ ಭಾಷೆಯಲ್ಲೇ ಪರದೇಶಿಯಾದ. ಆಮೇಲೆ ಅವನು ಹಿಂದಿಗೋ ಇಂಗ್ಲಿಷಿಗೋ ತಿರುಗುವುದಿಲ್ಲ, ಸುಮ್ಮನಾಗುತ್ತಾನೆ. ಅದು ಇನ್ನೂ ಕೆಟ್ಟದ್ದು.

ಇದನ್ನು ಸರಿಮಾಡುವ ಪ್ರಯತ್ನಗಳು ಇಲ್ಲ ಎನ್ನುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ 'ವಾಣಿ' ಎಂಬ ಯೋಜನೆ ಹಾಕಿಕೊಂಡಿದೆ. 2022ರ ಡಿಸೆಂಬರಿನಲ್ಲಿ ಪ್ರಕಟಿಸಿದಂತೆ ದೇಶದ 773 ಜಿಲ್ಲೆಗಳ ಮಾತನ್ನು ಜಿಲ್ಲೆವಾರು ಸಂಗ್ರಹಿಸಿ ಎಲ್ಲರಿಗೂ ಮುಕ್ತವಾಗಿ ಕೊಡುವುದು ಅದರ ಗುರಿ. ಜಿಲ್ಲೆವಾರು ಎಂಬುದನ್ನು ನಾನು ಮೆಚ್ಚಿದೆ. ಆದರೆ ನಮ್ಮ ಹರಪನಹಳ್ಳಿಯವರು ಯಾವ ಜಿಲ್ಲೆಯ ಕನ್ನಡ ಕೊಡಬೇಕೋ! 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ. ಮಾತು ಮಾತ್ರ ಅದೇ. (ಪ್ರತಿ ಸಲ ಲೆಟರ್‌ಹೆಡ್ ಬದಲಾದದ್ದರಿಂದ ಪ್ರೆಸ್ಸಿನವರಿಗೆ ನಾಲ್ಕು ಕಾಸು ಬಂತು, ಅದನ್ನೂ ಹೇಳಿಬಿಡುತ್ತೇನೆ.) ಕೇಂದ್ರ ಸರ್ಕಾರದ 'ಭಾಷಿಣಿ'ಯೂ ಜನರಿಂದ ಭಾಷಾದಾನ ಕೇಳುತ್ತದೆ. ಒಳ್ಳೆಯದು. ಆದರೆ ಕನ್ನಡದ ದಾನ ಕೊಡಲು ಹೋದರೆ ಬಾಗಿಲ ಮೇಲೆ ಬರೆದಿರುವುದು 'ಬೋಲೋ ಇಂಡಿಯಾ', 'ಸುನೋ ಇಂಡಿಯಾ', 'ಲಿಖೋ ಇಂಡಿಯಾ'! ಕನ್ನಡದಲ್ಲಿ ಕೇಳುವ ಸೌಜನ್ಯವೂ ಇಲ್ಲದೆ ಕನ್ನಡವನ್ನು ಕೇಳುತ್ತಾರೆ.

ದಾನವೇ ಯಾಕಾಗಬೇಕು ಎನ್ನುವುದೂ ಒಂದು ಪ್ರಶ್ನೆ. ಬೆಂಗಳೂರಿನ 'ಕಾರ್ಯ' ಎಂಬ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲೇ ಜನರಿಂದ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿ ಮುದ್ರಿಸಿಕೊಂಡು ಗಂಟೆಗೆ ಸುಮಾರು 5 ಡಾಲರಿನ ಲೆಕ್ಕದಲ್ಲಿ ದುಡ್ಡು ಕೊಟ್ಟಿದೆ. ಅದೇ ಧ್ವನಿಯನ್ನು ಮತ್ತೊಬ್ಬರಿಗೆ ಮಾರಿದರೆ ಓದಿದವರಿಗೆ ಮತ್ತೆ ಪಾಲು. 2023ರಲ್ಲಿ ಅಮೆರಿಕದ 'ಟೈಮ್' ಪತ್ರಿಕೆ ಇದನ್ನು ಬರೆಯಿತು. ಅಂದರೆ ನಮ್ಮ ಹಳ್ಳಿಯ ಹೆಣ್ಣುಮಗಳ ಕನ್ನಡಕ್ಕೆ ಬೆಲೆ ಇದೆ, ಕೊಡುವ ಮನಸ್ಸಿದ್ದರೆ ಕೊಡಬಹುದು ಎಂದಾಯಿತಲ್ಲ! ನನ್ನ ವಾದ ಇಷ್ಟೆ: ಕನ್ನಡಿಗರು ಹೇಳಿಕೊಟ್ಟದ್ದು ಒಂದೋ ಎಲ್ಲ ಕನ್ನಡಿಗರಿಗೂ ಮುಕ್ತವಾಗಿ ಸಿಗಬೇಕು, ಇಲ್ಲವೋ ಹೇಳಿಕೊಟ್ಟವರಿಗೆ ಕೂಲಿ ಸಿಗಬೇಕು. ಪುಕ್ಕಟೆ ಕಲಿತು ಬೀಗ ಹಾಕಿ ನಮಗೇ ಮಾರುವುದನ್ನು ಒಪ್ಪಬಾರದು. ನಮ್ಮ ಸರ್ಕಾರ ಕಂಪನಿಗಳಿಂದ ಏನನ್ನಾದರೂ ಕೊಳ್ಳುವಾಗ ಈ ಷರತ್ತು ಹಾಕಲಿ. ಹಾಕದಿದ್ದರೆ ಹೋರಾಟಕ್ಕೆ ಇದೂ ಒಂದು ವಿಷಯ, ಬೋರ್ಡಿಗೆ ಮಸಿ ಬಳಿಯುವುದೊಂದೇ ಅಲ್ಲ.

ಕಂಪನಿಗಳ ಒಳಗಿರುವ ನಿಮ್ಮ ಮೇಲೆ ನನಗೆ ಹೆಚ್ಚಿನ ಆಸೆ. ಹೊಸ ಸರಕನ್ನು ಪರೀಕ್ಷೆಗೆ ಬಿಡುವಾಗ 'ಕನ್ನಡವನ್ನು ಯಾರು ನೋಡಿದರು?' ಎಂದು ಮೀಟಿಂಗಿನಲ್ಲಿ ಒಂದು ಸಲ ಕೇಳಿ. ಪರೀಕ್ಷೆಗೆ ಕರೆಯುವವರಲ್ಲಿ ಹಡಗಲಿಯ ಮಲ್ಲಿಗೆ ಮಾರುವವರು, ಹಗರಿಬೊಮ್ಮನಹಳ್ಳಿಯ ಲಾರಿ ಡ್ರೈವರು ಒಬ್ಬರಾದರೂ ಇರಲಿ. ನಿಮ್ಮ ಅವ್ವನಿಗೆ ಫೋನು ಕೊಟ್ಟು ಎಲ್ಲಿ ತಡವರಿಸುತ್ತಾಳೆ ನೋಡಿ ಬರೆದುಕೊಳ್ಳಿ. ಅದನ್ನೇ ಅಮೆರಿಕದ ಪ್ರೊಫೆಸರರು ದೊಡ್ಡ ಹೆಸರಿಟ್ಟು ಹೇಳಿದ್ದು.

ಇಷ್ಟು ಹೇಳಿ ಬರಿಗೈಯಲ್ಲಿ ಹೋಗುವುದಿಲ್ಲ. ಪಂಚಾಯಿತಿಗಳ, ಶಾಲೆಗಳ ರಸೀದಿ ಪುಸ್ತಕ, ಲೆಟರ್‌ಹೆಡ್ ಅಚ್ಚುಮಾಡುತ್ತಾ ನಮ್ಮ ಐದು ತಾಲ್ಲೂಕಿನ ಊರುಗಳ ಹೆಸರನ್ನು ಲ, ಳ, ದ, ಡ ತಪ್ಪದಂತೆ ಒಂದು ಪಟ್ಟಿ ಮಾಡಿಟ್ಟಿದ್ದೆ. ಅದನ್ನು ಅಚ್ಚುಹಾಕಿಸಿ ತಂದಿದ್ದೇನೆ, ಬಾಗಿಲ ಹತ್ತಿರ ಮೇಜಿನ ಮೇಲಿದೆ. ಕಾಸು ಬೇಡ. ಒಬ್ಬೊಬ್ಬರು ನಿಮ್ಮ ಹೋಬಳಿಯ ಹಾಳೆ ತೆಗೆದುಕೊಂಡು ಹೋಗಿ, ಫೋನಿನ ನಕ್ಷೆ ತೆರೆದು ಒಂದೊಂದೇ ಊರನ್ನು ನೋಡಿ, ತಪ್ಪಿದ್ದಲ್ಲಿ ತಿದ್ದುಪಡಿ ಕಳಿಸಿ. ಪಟ್ಟಿಯಲ್ಲಿ ಊರು ಬಿಟ್ಟುಹೋಗಿದ್ದರೆ ಹಿಂದಿನ ಬದಿಯಲ್ಲಿ ಬರೆದು ನನಗೆ ಕಳಿಸಿ. ಮುಂದಿನ ತೇರಿಗೆ ಬಂದಾಗ ಹೊಸ ಮುದ್ರಣ ಕೈಗೆ ಕೊಡುತ್ತೇನೆ.