ಬ್ರೇಕ್ ವೈರು, ಗೇರ್ ವೈರು: ಯಾವ ದಾರಿ?

ಮೊದಲು ಈ ಸೈಕಲ್ ನೋಡಿ. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸ್ತೀನಿ, ಏನೂ ಆಗಲಿಲ್ಲ. ಈಗ ಪೂರ್ತಿ ಬಲಕ್ಕೆ. ನೋಡಿದ್ರಾ? ಹಿಂದಿನ ಬ್ರೇಕಿನ ವೈರು ಬಿಗಿದುಕೊಂಡು, ಲಿವರ್ ಮುಟ್ಟದೇನೇ ಬ್ರೇಕ್ ಅರ್ಧ ಹಿಡೀತು. ಇಕ್ಕಟ್ಟಾದ ಗಲ್ಲಿಯಲ್ಲಿ ತಿರುಗಿಸುವಾಗ ಹೀಗಾದ್ರೆ ಕಾಲು ಊರಲೇಬೇಕು. ವೈರು ಹೊಸದು, ಬ್ರೇಕ್ ಶೂ ಹೊಸದು. ಆದ್ರೆ ವೈರಿನ ಹೊರಗವಚ, ಅಂದ್ರೆ ಔಟರ್, ಗಿಡ್ಡ, ಹಾಕಿರೋ ದಾರಿಯೂ ತಪ್ಪು.

ನಮ್ಮ ತಾತಂದಿರ ಸೈಕಲ್‌ನಲ್ಲಿ ಈ ತಲೆನೋವೇ ಇರಲಿಲ್ಲ, ಅವು ಕಂಬಿ ಬ್ರೇಕು. ಕಂಬಿ ಬಗ್ಗೋದಿಲ್ಲ, ಅದಕ್ಕೇ ತಿರುವು ಬಂದಲ್ಲೆಲ್ಲ ಒಂದೊಂದು ಕೀಲು ಬೇಕಿತ್ತು. ಬಗ್ಗೋ ವೈರಿಗೆ 1896ರಲ್ಲಿ ಬ್ರಿಟನ್ನಿನಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಬೌಡನ್. ಅದರ ಗುಟ್ಟು ಇರೋದು ಔಟರ್‌ನಲ್ಲಿ. ಒಳಗಿನ ವೈರನ್ನ ನೀವು ಎಷ್ಟು ಬಲವಾಗಿ ಎಳೀತೀರೋ, ಅಷ್ಟೇ ಬಲದ ಒತ್ತಡವನ್ನ ಔಟರ್ ತಡ್ಕೊಳ್ಳುತ್ತೆ. ಔಟರ್ ಕುಗ್ಗಿದ್ರೆ ನಿಮ್ಮ ಕೈಯ ಬಲ ಅಲ್ಲೇ ಕರಗಿಹೋಗುತ್ತೆ.

ಅದಕ್ಕೇ ಅಂಗಡಿಯಲ್ಲಿ ಎರಡು ಥರದ ಔಟರ್ ಸಿಗುತ್ತೆ. ಬ್ರೇಕಿನದು ಸಾಮಾನ್ಯವಾಗಿ 5 ಮಿಲಿಮೀಟರ್ ದಪ್ಪ, ಒಳಗೆ ಸ್ಪ್ರಿಂಗಿನ ಹಾಗೆ ಸುತ್ತಿದ ಉಕ್ಕು. ಗೇರಿನದು 4 ಮಿಲಿಮೀಟರ್, ಅದರ ಒಳಗೆ ಉದ್ದುದ್ದಕ್ಕೆ ಜೋಡಿಸಿದ ಸಣ್ಣ ತಂತಿಗಳು. ಬಗ್ಗಿಸಿದ್ರೂ ಅದರ ಉದ್ದ ಬದಲಾಗೋದಿಲ್ಲ, ಅದಕ್ಕೇ ಪ್ರತಿ ಕ್ಲಿಕ್ಕಿಗೂ ಗೇರ್ ಸರಿಯಾದ ಜಾಗದಲ್ಲಿ ಕೂರುತ್ತೆ. ದಯವಿಟ್ಟು, ಗೇರ್ ಔಟರನ್ನ ಬ್ರೇಕಿಗೆ ಹಾಕಬೇಡಿ. ಜೋರಾಗಿ ಹಿಡಿದಾಗ ಆ ತಂತಿಗಳು ಸೀಳಿಕೊಂಡು ಹೊರಗೆ ಬರಬಹುದು. ಆಮೇಲೆ ಬ್ರೇಕೇ ಇರೋದಿಲ್ಲ.

ಈಗ ದಾರಿಯ ಮಾತು. ತುಂಬಾ ಫ್ರೇಮುಗಳಲ್ಲಿ ಗೇರ್ ವೈರು ಕೆಳಗಿನ ಬಾರಿನ ಉದ್ದಕ್ಕೂ ಬರಿ ಮೈಯಲ್ಲೇ ಓಡಿ, ಪೆಡಲ್ ತಿರುಗೋ ಬಿ.ಬಿ. ಹತ್ತಿರ ಒಂದು ಪ್ಲಾಸ್ಟಿಕ್ ಜಾಡಿನಲ್ಲಿ ಜಾರಿ ಹಿಂದಕ್ಕೆ ಹೋಗುತ್ತೆ. ಒಣ ರಸ್ತೆಗೆ ಒಳ್ಳೇದು: ಹಗುರ, ಉಜ್ಜಾಟ ಕಡಿಮೆ. ಆದ್ರೆ ಮುಂದಿನ ಚಕ್ರ ಎರಚೋ ಕೆಸರೆಲ್ಲ ಬೀಳೋದು ಅಲ್ಲಿಗೇ. ಒಂದು ಮಳೆಗಾಲ ಸಕಲೇಶಪುರದ ಕಡೆ ಹೋಗಿದ್ದೆ. ಏರಿನಲ್ಲಿ ಗೇರ್ ದೊಡ್ಡ ಹಲ್ಲಿಗೆ ಸಲೀಸಾಗಿ ಹತ್ತುತ್ತಿತ್ತು, ಇಳಿಜಾರಿನಲ್ಲಿ ಚಿಕ್ಕ ಹಲ್ಲಿಗೆ ಬರೋದೇ ಇಲ್ಲ. ಯಾಕೆ ಹೇಳಿ? ದೊಡ್ಡ ಹಲ್ಲಿಗೆ ಎಳೆಯೋದು ನಿಮ್ಮ ಹೆಬ್ಬೆರಳು. ವಾಪಸ್ ಎಳೆಯೋದು, ಚೈನನ್ನ ಹಲ್ಲಿಂದ ಹಲ್ಲಿಗೆ ಸರಿಸೋ ಡಿರೇಲರಿನ ಸ್ಪ್ರಿಂಗ್ ಒಂದೇ. ಜಾಡಿನಲ್ಲಿ ಕೂತ ಕೆಮ್ಮಣ್ಣಿನ ಜೊತೆ ಗುದ್ದಾಡೋ ಶಕ್ತಿ ಆ ಸ್ಪ್ರಿಂಗಿಗಿಲ್ಲ. ಕುಡಿಯೋ ನೀರು ಸುರಿದು ತೊಳೆದ ಮೇಲೇನೇ ಗೇರ್ ಇಳಿದದ್ದು.

ಆಮೇಲಿಂದ ಮಲೆನಾಡು, ಕರಾವಳಿಯವರಿಗೆ ನಾನು ಹೇಳೋದು ಒಂದೇ. ಲಿವರಿಂದ ಡಿರೇಲರ್‌ವರೆಗೆ ಎಲ್ಲೂ ಕಡಿಯದ ಒಂದೇ ಔಟರ್ ಹಾಕಿ. ತೂಕ ಸ್ವಲ್ಪ ಜಾಸ್ತಿ, ಉಜ್ಜಾಟ ಸ್ವಲ್ಪ ಜಾಸ್ತಿ, ಆದ್ರೆ ನೀರು ನುಗ್ಗೋಕೆ ಬಾಯಿ ಕಡಿಮೆ. ವಿಜಯಪುರ, ಬಾಗಲಕೋಟೆ ಕಡೆ ಡಾಂಬರು ರಸ್ತೆಯಲ್ಲೇ ಅಭ್ಯಾಸ ಮಾಡೋರಿಗೆ ಇದರ ಅಗತ್ಯ ಇಲ್ಲ. ಕೆಸರಲ್ಲಿ ಓಡೋ ಸೈಕ್ಲೋಕ್ರಾಸಿನವರು ಇನ್ನೊಂದು ಉಪಾಯ ಮಾಡ್ತಾರೆ: ವೈರನ್ನ ಮೇಲಿನ ಬಾರಿನ ಮೇಲೆ ತರ್ತಾರೆ, ಕೆಸರು ಅಷ್ಟು ಎತ್ತರಕ್ಕೆ ಬರೋದು ಕಡಿಮೆ.

ಇನ್ನು ಎಡ–ಬಲ. ನಮ್ಮಲ್ಲಿ ಮುಂದಿನ ಬ್ರೇಕು ಬಲಗೈಗೆ, ಹಿಂದಿನದು ಎಡಗೈಗೆ. ಎಡಗೈಯಿಂದ ಬರೋ ವೈರು, ಫ್ರೇಮಿನಲ್ಲಿ ಹ್ಯಾಂಡಲ್ ಕೂರೋ ಹೆಡ್ ಟ್ಯೂಬಿನ ಮುಂದೆ ಅಗಲವಾಗಿ ಸುತ್ತಿ ಬಲಗಡೆಯಿಂದ ಹೋದ್ರೆ ತಿರುವು ಸಲೀಸು. ಆದ್ರೆ ಹೊರದೇಶದ ಎಷ್ಟೋ ಫ್ರೇಮುಗಳನ್ನ ಹಿಂದಿನ ಬ್ರೇಕು ಬಲಗೈಗೆ ಅಂತ ಲೆಕ್ಕ ಹಾಕಿ ಮಾಡಿರ್ತಾರೆ, ವೈರಿನ ತೂತು ಎಡಗಡೆ ಇರುತ್ತೆ. ಅದರೊಳಗೆ ತೂರಿಸಿದ್ರೆ ತಿರುವು ಬಿಗಿಯಾಗುತ್ತೆ. ಫ್ರೇಮ್ ಕೊಳ್ಳೋ ಮುಂಚೆ ಆ ತೂತು ಯಾವ ಕಡೆ ಇದೆ ಅಂತ ನೋಡ್ಕೊಳ್ಳಿ.

ಫ್ರೇಮಿನ ಒಳಗೇ ವೈರು ಓಡೋ ಸೈಕಲ್ ನೋಡೋಕೆ ಬಲು ಚೆಂದ. ಹ್ಯಾಂಡಲ್ ತಿರುಗಿಸೋ ಬೇರಿಂಗುಗಳಿರೋ ಹೆಡ್‌ಸೆಟ್ ಒಳಗಿಂದ ಹೋಗೋದಾದ್ರೆ ಮಾತ್ರ, ಒಂದು ಬೇರಿಂಗ್ ಬದಲಿಸೋಕೂ ವೈರು ಬಿಚ್ಚಬೇಕಾಗಬಹುದು. ಕೈಯಾರೆ ರಿಪೇರಿ ಮಾಡ್ಕೊಳ್ಳೋರಿಗೆ ನಾನು ಅದನ್ನ ಹೇಳೋದಿಲ್ಲ.

ಸರಿ, ಈ ಸೈಕಲ್ಲಿಗೆ ವಾಪಸ್ ಬರೋಣ. ಹೊಸ ಔಟರನ್ನ ಕತ್ತರಿಸೋ ಮುಂಚೆ ಸುಮ್ಮನೆ ಹಿಡಿದು ನೋಡ್ತೀನಿ, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸ್ತೀನಿ, ಎಲ್ಲೂ ಬಿಗಿಯಬಾರದು. ಈಗ ಗುರುತು ಹಾಕಿ, ವೈರ್ ಕಟ್ಟರಿನಲ್ಲೇ ಕತ್ತರಿಸ್ತೀನಿ. ಮಾಮೂಲಿ ಇಕ್ಕಳ ಔಟರಿನ ಬಾಯಿಯನ್ನ ಜಜ್ಜಿಬಿಡುತ್ತೆ. ತುದಿಯನ್ನ ಅರದಿಂದ ಸಮ ಮಾಡಿ, ಮುಚ್ಚಿಹೋದ ತೂತನ್ನ ದಬ್ಬಳದಿಂದ ಬಿಡಿಸಿ, ಟೊಪ್ಪಿಗೆ ಹಾಕ್ತೀನಿ. ಔಟರ್ ಫ್ರೇಮಿಗೆ ತಾಗೋ ಜಾಗದಲ್ಲಿ ಒಂದು ತುಂಡು ಟೇಪ್, ಇಲ್ಲದಿದ್ರೆ ಒಂದು ವರ್ಷದಲ್ಲಿ ಬಣ್ಣ ಸವೆದು ಕಬ್ಬಿಣ ಕಾಣುತ್ತೆ. ಈಗ ಹ್ಯಾಂಡಲ್ ಪೂರ್ತಿ ಬಲಕ್ಕೆ. ಹಿಂದಿನ ಚಕ್ರ ನೋಡಿ, ತಿರುಗ್ತಾನೇ ಇದೆ.