ಬೇವಿನ ನೆರಳಿಗೆ ಅಗ್ನಿಶಿಖೆ

ಇಂಡಿ ಎಂದೊಡನೆ ನಿಂಬೆ ನೆನಪಾಗುತ್ತದೆ. ಅಲ್ಲಿಯ ಹಿತ್ತಲುಗಳ ಬೇವಿನ ಅರೆನೆರಳಿಗೆ ನಾನು ಸೂಚಿಸುವುದು ನಮ್ಮ ಕಾಡಂಚಿನ ಬಳ್ಳಿ ಅಗ್ನಿಶಿಖೆಯನ್ನು. ಬೇಸಿಗೆಯಿಡೀ ನೆಲದೊಳಗೆ ಮಲಗುವ ಇದಕ್ಕೆ ಮುಂಗಾರೇ ವಸಂತ. ಹಸಿರು-ಹಳದಿಯಾಗಿ ಅರಳಿದ ಎಸಳು ದಿನ ಕಳೆದಂತೆ ಕೆಂಡವಾಗುತ್ತದೆ.

ಗಡ್ಡೆಗಾಗಿ ಕಾಡು ಅಗೆಯಬೇಡಿ, ಬೀಜ ಹಾಕಿ. ಕೆಂಪು ಹೊರಸಿಪ್ಪೆ ತೆಗೆದು, ಒಂದು ರಾತ್ರಿ ನೆನೆಸಿ, ಮರಳು ಬೆರೆಸಿದ ಮಣ್ಣಿನಲ್ಲಿ ಬಿತ್ತಿ. ಬರೀ ಎರೆಮಣ್ಣಾದರೆ ನೀರು ನಿಂತು ಗಡ್ಡೆ ಕೊಳೆಯುತ್ತದೆ. ಮೊಳಕೆಗೆ ತಿಂಗಳುಗಳೇ ಹಿಡಿಯಬಹುದು. ನಾನೊಮ್ಮೆ ಬೇಸತ್ತು ಕುಂಡದ ಮಣ್ಣನ್ನು ತಿಪ್ಪೆಗೆ ಚೆಲ್ಲಿದ್ದೆ. ಮುಂದಿನ ಮಳೆಗೆ ಅಲ್ಲೇ ಚಿಗುರಿತ್ತು! ಹೂವಿಗಂತೂ 3-4 ವರ್ಷ ಕಾಯಬೇಕು.

ಇಡೀ ಬಳ್ಳಿಯಲ್ಲಿ ಕೋಲ್ಚಿಸಿನ್ ಎಂಬ ವಿಷವಿದೆ. ಗೆಣಸೆಂದು ಗಡ್ಡೆ ತಿಂದು ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳು ಆಡುವ, ಮೇಕೆ ಕಟ್ಟುವ ಕಡೆ ಬೇಡ. ಬೀಜ ಮುಟ್ಟಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ.